ಪದವಿ ಕಾಲೇಜಿನಲ್ಲಿ ಯಾವ ಹುದ್ದೆ ಯಾರಿಗೆ: ದಾವಣಗೆರೆ–ಚಿತ್ರದುರ್ಗದ ಉದ್ಯೋಗಾಕಾಂಕ್ಷಿಗಳಿಗೆ ಒಂದು ಹೋಲಿಕೆ

ದಾವಣಗೆರೆ ವಿಶ್ವವಿದ್ಯಾಲಯದ ಆವರಣಗಳಾದ ತೋಳಹುಣಸೆಯ ಶಿವಗಂಗೋತ್ರಿಯಲ್ಲೋ ಚಿತ್ರದುರ್ಗದ ಜಿ.ಆರ್. ಹಳ್ಳಿಯ ಜ್ಞಾನಗಂಗೋತ್ರಿಯಲ್ಲೋ ಸ್ನಾತಕೋತ್ತರ ಪದವಿ ಮುಗಿಸಿದವರಲ್ಲಿ ಬಹುಪಾಲು ಮಂದಿಯ ಮೊದಲ ಆಸೆ ಊರಿನ ಆಸುಪಾಸಿನ ಯಾವುದಾದರೂ ಕಾಲೇಜಿನಲ್ಲಿ ಕೆಲಸಕ್ಕೆ ಸೇರುವುದು. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ‘ಕಾಲೇಜಿನಲ್ಲಿ ಕೆಲಸ’ ಎಂದು ಮನೆಯವರ ಮುಂದೆ ಒಂದೇ ಉಸಿರಿನಲ್ಲಿ ಹೇಳಿಬಿಡುವ ಮಾತಿನೊಳಗೆ ಸಹಾಯಕ ಪ್ರಾಧ್ಯಾಪಕ, ಅತಿಥಿ ಉಪನ್ಯಾಸಕ, ಖಾಸಗಿ ಆಡಳಿತ ಮಂಡಳಿಯ ಉಪನ್ಯಾಸಕ, ಗ್ರಂಥಪಾಲಕ, ದೈಹಿಕ ಶಿಕ್ಷಣ ನಿರ್ದೇಶಕ, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕ ಎಂಬ ಪರಸ್ಪರ ಹೋಲಿಕೆಯೇ ಇಲ್ಲದ ಉದ್ಯೋಗಗಳಿವೆ. ಒಂದೇ ಕಟ್ಟಡದಲ್ಲಿ, ಒಂದೇ ಹಾಜರಾತಿ ವೇಳೆಯಲ್ಲಿ ಕೆಲಸ ಮಾಡುವ ಇಬ್ಬರ ಸಂಬಳ, ಭದ್ರತೆ, ರಜೆ, ಮುಂಬಡ್ತಿ ಯಾವುದೂ ಒಂದೇ ಆಗಿರುವುದಿಲ್ಲ. ಅರ್ಜಿ ಹಾಕುವ ಮುನ್ನ ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕಾದ ಅಗತ್ಯವಿದೆ.

ಸಾಮಾನ್ಯವಾಗಿ ಜನ ಈ ಹುದ್ದೆಗಳನ್ನು ಬೋಧಕ, ಬೋಧಕೇತರ ಎಂದು ಎರಡಾಗಿ ವಿಂಗಡಿಸುತ್ತಾರೆ. ಆಯ್ಕೆ ಮಾಡಿಕೊಳ್ಳುವವರಿಗೆ ಈ ವಿಂಗಡಣೆಯಿಂದ ಹೆಚ್ಚು ಉಪಯೋಗವಿಲ್ಲ. ಹುದ್ದೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಮೊದಲು ಕೇಳಬೇಕು. ಕೆಲವು ಹುದ್ದೆಗಳು ಸರ್ಕಾರ ಮಂಜೂರು ಮಾಡಿದವು. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಾದರೂ ಆ ನೌಕರರನ್ನು ಬೇರೆ ಕಾಲೇಜಿಗೆ ಕಳುಹಿಸಬಹುದೇ ಹೊರತು ಮನೆಗೆ ಕಳುಹಿಸುವಂತಿಲ್ಲ. ಕೆಲವು ಕಾರ್ಯಭಾರದ ಮೇಲೆ ನಿಂತವು, ಅಂದರೆ ಆ ವರ್ಷ ಆ ವಿಷಯದಲ್ಲಿ ವಾರಕ್ಕೆ ಎಷ್ಟು ಗಂಟೆಯ ಪಾಠ ಉಳಿಯುತ್ತದೆಯೋ ಅಷ್ಟಕ್ಕೆ ಮಾತ್ರ. ಇನ್ನು ಕೆಲವು ಆಡಳಿತ ಮಂಡಳಿಯ ನಿರ್ಧಾರದ ಮೇಲೆ ನಿಂತವು. ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಸಂಬಳದ ಅಂಕಿಗಳನ್ನು ಹೋಲಿಸಿದರೆ ಅರ್ಥವಿರುತ್ತದೆ. ಅದಕ್ಕೆ ಮುನ್ನ ಹೋಲಿಸಿದರೆ ಅಂಕಿಗಳೇ ದಾರಿ ತಪ್ಪಿಸುತ್ತವೆ.

ಖಾಯಂ ಸಹಾಯಕ ಪ್ರಾಧ್ಯಾಪಕ

ಎಲ್ಲರೂ ಬಯಸುವುದು ಇದನ್ನೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವೇತನ ಶ್ರೇಣಿ ಅನ್ವಯಿಸುತ್ತದೆ. ಕೇಂದ್ರದ ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಇದು 10ನೆಯ ಹಂತ. ಆರಂಭಿಕ ಮೂಲ ವೇತನ 57,700 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಮತ್ತು ಮನೆ ಬಾಡಿಗೆ ಭತ್ಯೆ. ಅರ್ಹತೆಯೆಂದರೆ ಸಂಬಂಧಪಟ್ಟ ವಿಷಯದಲ್ಲಿ ಶೇ 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ, ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆಸೆಟ್. ಮೀಸಲಾತಿ ವರ್ಗಗಳಿಗೆ ಅಂಕಗಳಲ್ಲಿ ಶೇ 5ರ ಸಡಿಲಿಕೆ ಇದೆ. ಪಿಎಚ್.ಡಿ. ಇಲ್ಲದೆ ಇನ್ನು ಮುಂದೆ ಅಧ್ಯಾಪಕರಾಗುವಂತಿಲ್ಲ ಎಂಬ ಮಾತು ಈಗಲೂ ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದೆ. ವಿಶ್ವವಿದ್ಯಾಲಯಗಳ ವಿಭಾಗಗಳಿಗೆ ಮಾತ್ರ ಹಾಕಿದ್ದ ಆ ಷರತ್ತನ್ನು ಯುಜಿಸಿ 2023ರ ತಿದ್ದುಪಡಿಯಲ್ಲಿ ಕೈಬಿಟ್ಟು, ನೆಟ್ ಅಥವಾ ರಾಜ್ಯ ಅರ್ಹತಾ ಪರೀಕ್ಷೆಯೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದು ಸ್ಪಷ್ಟಪಡಿಸಿತು. ಆದರೆ ಮುಂದೆ ಸಹ ಪ್ರಾಧ್ಯಾಪಕರಾಗಬೇಕಾದರೆ ಪಿಎಚ್.ಡಿ. ಬೇಕೇ ಬೇಕು, ಅದಿದ್ದವರು 10ರಿಂದ 11ನೆಯ ಹಂತಕ್ಕೆ ನಾಲ್ಕು ವರ್ಷಗಳಲ್ಲಿ ಏರಬಹುದು, ಇಲ್ಲದವರು ಆರು ವರ್ಷ ಕಾಯಬೇಕು.

ಕೆಸೆಟ್ ಬಗ್ಗೆ ಒಂದು ಮಾತು. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಈ ಪರೀಕ್ಷೆಯನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಎರಡು ಪತ್ರಿಕೆಗಳಿಂದ ಒಟ್ಟು 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ವಯೋಮಿತಿ ಇಲ್ಲ. ಆದರೆ ಪರೀಕ್ಷೆ ಬರೆದವರಲ್ಲಿ ಸುಮಾರು ಶೇ 6ರಷ್ಟು ಮಂದಿಯನ್ನು ಮಾತ್ರ ಅರ್ಹರೆಂದು ಪ್ರಕಟಿಸಲಾಗುತ್ತದೆ. ಹೀಗಾಗಿ ಕನಿಷ್ಠ ಅಂಕ ಗಳಿಸಿದೆನೆಂದು ಸಂಭ್ರಮಿಸುವುದು ಫಲಿತಾಂಶ ಬಂದ ಮೇಲೆ ಒಳ್ಳೆಯದು. ಕೆಸೆಟ್ ಕರ್ನಾಟಕಕ್ಕೆ ಸೀಮಿತ, ನೆಟ್ ದೇಶವೆಲ್ಲ ನಡೆಯುತ್ತದೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯಗಳ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಮೊದಲು ಕೆಸೆಟ್‌ಗೆ ಕೂರುವುದೇ ಜಾಣತನವೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ.

ಈ ಹುದ್ದೆಯ ನಿಜವಾದ ತೊಡಕು ಅರ್ಹತೆಯಲ್ಲಿಲ್ಲ, ನೇಮಕಾತಿಯ ಅಂತರದಲ್ಲಿದೆ. 2021ರಲ್ಲಿ 1,242 ಹುದ್ದೆಗಳಿಗೆ ಅಧಿಸೂಚನೆ ಹೊರಟಿತು. ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಆಯ್ಕೆಯಾದವರು ತರಗತಿಗೆ ಕಾಲಿಡುವುದಕ್ಕೆ ಮತ್ತಷ್ಟು ಕಾಲ ಹಿಡಿಯಿತು. ಇಂಥ ಅಧಿಸೂಚನೆ ಪ್ರತಿ ವರ್ಷ ಬರುವಂಥದ್ದಲ್ಲ. ನೆಟ್ ಪಾಸಾದ ಮೇಲೆ ಐದಾರು ವರ್ಷ ಅಧಿಸೂಚನೆಯನ್ನೇ ಕಾಣದ ವಿಷಯಗಳೂ ಇವೆ.

ಕೆಲಸದ ಹೊರೆಯನ್ನು ನೋಡಿದರೆ ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಸಹ ಪ್ರಾಧ್ಯಾಪಕರಿಗೆ 14 ಗಂಟೆ. ಹೊರಗಿನವರು ಈ 16 ಗಂಟೆಯನ್ನಷ್ಟೇ ಕಂಡು, ‘ದಿನಕ್ಕೆ ಮೂರು ತಾಸಿನ ಕೆಲಸ’ ಎಂದುಬಿಡುತ್ತಾರೆ. ಅದೇ ನಿಯಮ ವಾರಕ್ಕೆ 40 ಗಂಟೆಯ ಒಟ್ಟು ಕೆಲಸವನ್ನೂ ಹೇಳುತ್ತದೆ ಎಂಬುದನ್ನು ಯಾರೂ ಓದುವುದಿಲ್ಲ. ಉಳಿದ ಗಂಟೆಗಳು ಎಲ್ಲಿ ಹೋಗುತ್ತವೆ ಎಂಬುದು ತಾಲ್ಲೂಕು ಮಟ್ಟದ ಕಾಲೇಜಿಗೆ ಹೋದರೆ ತಿಳಿಯುತ್ತದೆ. ಆರು ಜನ ಖಾಯಂ ಅಧ್ಯಾಪಕರಿರುವ ಕಾಲೇಜಿನಲ್ಲಿ ಒಬ್ಬರಿಗೆ ನ್ಯಾಕ್ (ಕಾಲೇಜಿನ ಗುಣಮಟ್ಟದ ಮೌಲ್ಯಮಾಪನ) ಮತ್ತು ಐಕ್ಯೂಎಸಿ (ಆಂತರಿಕ ಗುಣಮಟ್ಟ ಭರವಸೆ ಕೋಶ) ಸಂಚಾಲಕತ್ವ, ಇನ್ನೊಬ್ಬರಿಗೆ ಪರೀಕ್ಷಾ ವಿಭಾಗ, ಮತ್ತೊಬ್ಬರಿಗೆ ರಾಷ್ಟ್ರೀಯ ಸೇವಾ ಯೋಜನೆ (ಎನ್ಎಸ್ಎಸ್), ಮಗದೊಬ್ಬರಿಗೆ ಉದ್ಯೋಗ ಕೋಶ ಬರುತ್ತದೆ. ಇವೆಲ್ಲ ಪಾಠದ ಜೊತೆಗೆ. ಎನ್ಎಸ್ಎಸ್ ಅಧಿಕಾರಿಯಾದವರು 100 ಸ್ವಯಂಸೇವಕರ ಒಂದು ಘಟಕಕ್ಕೆ ವರ್ಷಕ್ಕೆ 120 ಗಂಟೆಯ ಚಟುವಟಿಕೆ ತೋರಿಸಬೇಕು. ಏಳು ದಿನದ ವಿಶೇಷ ಶಿಬಿರಕ್ಕೆ ಹಳ್ಳಿಯೊಂದನ್ನು ಹುಡುಕಿ, ಗ್ರಾಮ ಪಂಚಾಯಿತಿಯವರನ್ನು ಒಪ್ಪಿಸಿ, ಹುಡುಗಿಯರ ವಾಸ್ತವ್ಯಕ್ಕೆ ಶಾಲೆಯ ಕೊಠಡಿ ಕೇಳಿ, ಅಡುಗೆಯವರನ್ನು ಗೊತ್ತುಮಾಡಿ, ಕೊನೆಗೆ ಬಿಲ್ಲುಗಳನ್ನು ಜೋಡಿಸಿ ಲೆಕ್ಕ ಒಪ್ಪಿಸಬೇಕು. ಜನರೊಂದಿಗೆ ಬೆರೆಯುವ ಸ್ವಭಾವದವರಿಗೆ ಇದು ಸಂತೋಷದ ಕೆಲಸ. ಪುಸ್ತಕದೊಂದಿಗೆ ಏಕಾಂತವನ್ನು ಬಯಸಿ ಅಧ್ಯಾಪಕ ವೃತ್ತಿಗೆ ಬಂದವರಿಗೆ ಶಿಕ್ಷೆ.

ಅತಿಥಿ ಉಪನ್ಯಾಸಕ

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಕೆಲವು ವಿಷಯಗಳ ಪಾಠ ಸಂಪೂರ್ಣವಾಗಿ ನಡೆಯುತ್ತಿರುವುದೇ ಇವರಿಂದ. ವಿದ್ಯಾರ್ಥಿಗೆ ಇವರೂ ಮೇಷ್ಟ್ರೇ, ಖಾಯಂ ಅಧ್ಯಾಪಕರೂ ಮೇಷ್ಟ್ರೇ. ವ್ಯತ್ಯಾಸವೆಲ್ಲ ಕಚೇರಿಯ ಕಡತದಲ್ಲಿದೆ.

ಗೌರವಧನದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಅಂಕಿಗಳನ್ನು ಹಿಡಿದು ಮಾತನಾಡುವವರೇ ಹೆಚ್ಚು. 2022ರ ಜನವರಿಯವರೆಗೆ ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000 ರೂಪಾಯಿ ಇತ್ತು. ಆ ತಿಂಗಳ ಆದೇಶದಿಂದ ಅರ್ಹತೆ ಇದ್ದು ಐದು ವರ್ಷಕ್ಕಿಂತ ಹೆಚ್ಚು ಸೇವೆ ಸಲ್ಲಿಸಿದವರಿಗೆ 32,000, ಅದಕ್ಕಿಂತ ಕಡಿಮೆ ಸೇವೆಯವರಿಗೆ 30,000, ಅರ್ಹತೆ ಇಲ್ಲದವರಿಗೆ ಸೇವಾವಧಿಯ ಪ್ರಕಾರ 28,000 ಮತ್ತು 26,000 ನಿಗದಿಯಾಯಿತು. ಕೇಳಲು ಚೆನ್ನಾಗಿದೆ. ಆದರೆ ಅದೇ ಆದೇಶದಲ್ಲಿ ವಾರದ ಕಾರ್ಯಭಾರ ಎಂಟು–ಹತ್ತು ಗಂಟೆಯಿಂದ 15 ಗಂಟೆಗೆ ಏರಿತು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರಿಗೆ ಹೋಗಿ, ಇನ್ನೊಬ್ಬರು ಹೊರಗುಳಿದರು. ಮುಂದೆ ದೀರ್ಘ ಮುಷ್ಕರದ ನಂತರ 2024ರ ಜನವರಿಯಿಂದ ಸೇವಾ ಹಿರಿತನದ ಮೇಲೆ 5,000ದಿಂದ 8,000 ರೂಪಾಯಿವರೆಗೆ ಹೆಚ್ಚಳ, ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ, ಹತ್ತು ವರ್ಷಕ್ಕಿಂತ ಹೆಚ್ಚು ಸೇವೆ ಸಲ್ಲಿಸಿ 60 ವರ್ಷ ತುಂಬಿದವರಿಗೆ ಐದು ಲಕ್ಷದವರೆಗೆ ಇಡಿಗಂಟು, ತಿಂಗಳಿಗೊಂದು ವೇತನ ಸಹಿತ ರಜೆ ಘೋಷಣೆಯಾದವು. ಯುಜಿಸಿ 2019ರಲ್ಲಿ ಅತಿಥಿ ಬೋಧಕರಿಗೆ ಸೂಚಿಸಿದ್ದ ದರ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000. ಎರಡರ ನಡುವಿನ ಅಂತರವನ್ನು ಓದುಗರೇ ಲೆಕ್ಕ ಹಾಕಬಹುದು.

ಈ ಕೆಲಸ ಸಂಪೂರ್ಣವಾಗಿ ಕಾರ್ಯಭಾರದ ಮೇಲೆ ನಿಂತಿದೆ ಎಂಬುದರ ಅರ್ಥವನ್ನು ಒಂದು ಉದಾಹರಣೆಯಿಂದ ನೋಡೋಣ. ಜಗಳೂರಿನಂಥ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ವಾರಕ್ಕೆ 31 ಗಂಟೆಯ ಪಾಠವಿದೆ, ಖಾಯಂ ಅಧ್ಯಾಪಕರೊಬ್ಬರಿದ್ದಾರೆ ಎಂದುಕೊಳ್ಳಿ. ಅವರ 16 ಗಂಟೆ ಕಳೆದರೆ 15 ಗಂಟೆ ಉಳಿಯುತ್ತದೆ. ಒಬ್ಬ ಅತಿಥಿ ಉಪನ್ಯಾಸಕರಿಗೆ ಪೂರ್ಣ ಜಾಗ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಮತ್ತೊಬ್ಬ ಖಾಯಂ ಅಧ್ಯಾಪಕರು ಅದೇ ಕಾಲೇಜನ್ನು ಆರಿಸಿಕೊಂಡು ಬಂದರೆ, ಎಷ್ಟೇ ವರ್ಷದಿಂದ ಅಲ್ಲಿ ಪಾಠ ಹೇಳಿದ್ದರೂ, ವಿದ್ಯಾರ್ಥಿಗಳು ಎಷ್ಟೇ ಮೆಚ್ಚಿದ್ದರೂ ಅತಿಥಿ ಉಪನ್ಯಾಸಕರು ಜಾಗ ಬಿಡಬೇಕು. ದಾಖಲಾತಿ ಕಡಿಮೆಯಾಗಿ ಒಂದು ವಿಭಾಗ ರದ್ದಾದರೂ ಅಷ್ಟೇ. ಪಠ್ಯಕ್ರಮ ಬದಲಾದರೂ ಅಷ್ಟೇ: 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ಮುಕ್ತ ಐಚ್ಛಿಕ ವಿಷಯಗಳಿಂದ ಕೆಲವರಿಗೆ ಹೊಸ ಕಾರ್ಯಭಾರ ಹುಟ್ಟಿತು, 2024–25ರಿಂದ ರಾಜ್ಯ ಮೂರು ವರ್ಷದ ಪದವಿಗೆ ಮರಳಿದಾಗ ವೇಳಾಪಟ್ಟಿಗಳು ಮತ್ತೆ ಬದಲಾದವು. ಒಂದು ನೀತಿಯ ಸರಿ–ತಪ್ಪು ಬೇರೆ ಚರ್ಚೆ. ಅತಿಥಿ ಉಪನ್ಯಾಸಕರ ಬದುಕಿನಲ್ಲಿ ಅದು ಗಂಟೆಗಳ ಲೆಕ್ಕವಾಗಿ ಬರುತ್ತದೆ. ಇದರ ಜೊತೆಗೆ ಯುಜಿಸಿ ಅರ್ಹತೆ ಇಲ್ಲದವರನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಹಾಗಾಗಿ ನೆಟ್ ಅಥವಾ ಕೆಸೆಟ್ ಇಲ್ಲದೆ ಈಗ ಹೊಸದಾಗಿ ಈ ದಾರಿಗೆ ಇಳಿಯುವುದನ್ನು ಯಾರಿಗೂ ಸಲಹೆ ಮಾಡಲಾರೆ.

ಹಾಗೆಂದು ಇದನ್ನು ತಳ್ಳಿಹಾಕುವುದೂ ಸರಿಯಲ್ಲ. ನೆಟ್ ಆಗಿರುವ, ಪಿಎಚ್.ಡಿ. ಮಾಡುತ್ತಿರುವ, ಮುಂದಿನ ಅಧಿಸೂಚನೆಗೆ ಓದುತ್ತಿರುವ ಅಭ್ಯರ್ಥಿಗೆ ವಾರಕ್ಕೆ 15 ಗಂಟೆಯ ಪಾಠ ಎಂದರೆ ವಿಷಯದ ಮೇಲಿನ ಹಿಡಿತ ಉಳಿಯುತ್ತದೆ, ಓದಲು ಸಮಯವೂ ಸಿಗುತ್ತದೆ. ದಾರಿಯೆಂದು ತಿಳಿದು ಹೊರಟವರು ಅದರಲ್ಲೇ ಮನೆ ಕಟ್ಟಿಕೊಳ್ಳುವುದರಲ್ಲಿ ಅಪಾಯವಿದೆ. ಮೂವತ್ತೆರಡು–ಮೂವತ್ಮೂರನೆಯ ವಯಸ್ಸಿಗೆ ಬಂದವರು ಒಮ್ಮೆ ಕುಳಿತು, ಇನ್ನು ಎಷ್ಟು ವರ್ಷ ಕಾಯುತ್ತೇನೆ ಎಂಬುದನ್ನು ಮನೆಯವರೊಂದಿಗೆ ಮಾತನಾಡಿ ತೀರ್ಮಾನಿಸಬೇಕು. ಅದಕ್ಕೆ ಕಾರಣ ಕಚೇರಿ ಹುದ್ದೆಗಳ ವಯೋಮಿತಿಯನ್ನು ನೋಡುವಾಗ ಸ್ಪಷ್ಟವಾಗುತ್ತದೆ.

ಖಾಸಗಿ ಕಾಲೇಜುಗಳು

ದಾವಣಗೆರೆಯಲ್ಲಿ ಈ ಆಯ್ಕೆ ಬೇರೆ ಅನೇಕ ಜಿಲ್ಲಾ ಕೇಂದ್ರಗಳಿಗಿಂತ ದೊಡ್ಡದು. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆಯೊಂದರ ಅಡಿಯಲ್ಲೇ ಪದವಿ, ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯಕೀಯ ಕಾಲೇಜುಗಳಿವೆ. ಚಿತ್ರದುರ್ಗದಲ್ಲಿ ಮುರುಘಾಮಠದ ಎಸ್.ಜೆ.ಎಂ. ಸಂಸ್ಥೆಗಳಿವೆ. ಇವುಗಳಲ್ಲಿ ಕೆಲಸ ಕೇಳುವಾಗ ಸಂಸ್ಥೆಯ ಹೆಸರಿಗಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಹುದ್ದೆ ಅನುದಾನಿತವೋ ಅಲ್ಲವೋ. ಅನುದಾನಿತ ಕಾಲೇಜಿನ ಅನುಮೋದಿತ ಹುದ್ದೆಗೆ ಸಂಬಳ ಕೊಡುವುದು ಸರ್ಕಾರ. ವೇತನ ಶ್ರೇಣಿ ಸರ್ಕಾರಿ ಕಾಲೇಜಿನದೇ. ಆದರೆ ನಿವೃತ್ತಿಯಿಂದ ತೆರವಾದ ಅನುದಾನಿತ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬರುವುದು ತಡ. ಅಲ್ಲಿಯವರೆಗೆ ಅದೇ ಕಾಲೇಜಿನಲ್ಲಿ, ಅದೇ ಕೊಠಡಿಯಲ್ಲಿ, ಅದೇ ವಿಷಯವನ್ನು ಆಡಳಿತ ಮಂಡಳಿ ನೇಮಿಸಿದವರು ಅದರ ಒಂದು ಭಾಗದಷ್ಟು ಸಂಬಳಕ್ಕೆ ಬೋಧಿಸುತ್ತಾರೆ. ‘ಅನುದಾನಿತ ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ’ ಎಂದು ಯಾರಾದರೂ ಹೇಳಿದರೆ, ಕಾಲೇಜು ಅನುದಾನಿತವೋ ಹುದ್ದೆಯೂ ಅನುದಾನಿತವೋ ಎಂದು ಮರುಪ್ರಶ್ನೆ ಹಾಕುವುದು ಉದ್ಧಟತನವಲ್ಲ.

ಆಡಳಿತ ಮಂಡಳಿಯ ನೇಮಕಾತಿಗೆ ಸೇರುವ ಮುನ್ನ ನಾಲ್ಕು ವಿಷಯಗಳನ್ನು ಬರಹದಲ್ಲಿ ಪಡೆಯಿರಿ: ಬೇಸಿಗೆ ರಜೆಯ ತಿಂಗಳ ಸಂಬಳ ಉಂಟೇ, ಭವಿಷ್ಯನಿಧಿ ಕಟ್ಟುತ್ತಾರೆಯೇ, ದಾಖಲಾತಿಯ ಗುರಿ ಕೊಡುತ್ತಾರೆಯೇ, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ. ಮೂರನೆಯದು ಹೊಸಬರಿಗೆ ವಿಚಿತ್ರವೆನಿಸಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಉಪನ್ಯಾಸಕರು ಕರಪತ್ರ ಹಿಡಿದು ಪದವಿಪೂರ್ವ ಕಾಲೇಜುಗಳ ಮುಂದೆ, ಹಳ್ಳಿಗಳ ಮನೆಗಳ ಮುಂದೆ ನಿಲ್ಲುವ ಪದ್ಧತಿ ಅನೇಕ ಖಾಸಗಿ ಕಾಲೇಜುಗಳಲ್ಲಿದೆ. ನಾಲ್ಕನೆಯದಕ್ಕೆ ಉತ್ತರ ‘ಹೌದು’ ಎಂದಾದರೆ ಅಲ್ಲಿಗೆ ಮಾತು ಮುಗಿಸಿ ಎದ್ದು ಬರುವುದು ಲೇಸು. ಮೂಲ ದಾಖಲೆಗಳನ್ನು ಒತ್ತೆಯಿಟ್ಟು ಮಾಡುವ ಕೆಲಸದಿಂದ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಓಡಾಡಬೇಕಾಗುತ್ತದೆ.

ಗ್ರಂಥಪಾಲಕ ಮತ್ತು ದೈಹಿಕ ಶಿಕ್ಷಣ ನಿರ್ದೇಶಕ

ಈ ಎರಡು ಹುದ್ದೆಗಳನ್ನು ಅಭ್ಯರ್ಥಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೊಂದು ಸೋಜಿಗ, ಏಕೆಂದರೆ ಯುಜಿಸಿ ಶ್ರೇಣಿಯಲ್ಲಿ ಇವುಗಳ ಆರಂಭವೂ 10ನೆಯ ಹಂತದಿಂದ, ಅದೇ 57,700 ರೂಪಾಯಿಯಿಂದ. ಗ್ರಂಥಪಾಲಕರಿಗೆ ಗ್ರಂಥಾಲಯ ವಿಜ್ಞಾನದಲ್ಲಿ ಶೇ 55ರೊಂದಿಗೆ ಸ್ನಾತಕೋತ್ತರ ಪದವಿ ಮತ್ತು ನೆಟ್ ಅಥವಾ ಕೆಸೆಟ್ ಬೇಕು. ಕೆಲಸ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಷ್ಟೇ ಎಂದುಕೊಂಡವರು ಪರಿಗ್ರಹಣ ವಹಿಯನ್ನು ಒಮ್ಮೆ ತೆರೆದು ನೋಡಬೇಕು. ಕಾಲೇಜಿಗೆ ಬಂದ ಪ್ರತಿಯೊಂದು ಪುಸ್ತಕವೂ ಅದರಲ್ಲಿ ಕ್ರಮಸಂಖ್ಯೆ, ಬೆಲೆ, ಬಿಲ್ಲಿನ ದಿನಾಂಕದೊಂದಿಗೆ ಸೇರಿರುತ್ತದೆ. ಕಳೆದುಹೋದ ಪ್ರತಿಗೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಹೇಳಬೇಕಾದವರು ಗ್ರಂಥಪಾಲಕರೇ. ಇದರ ಮೇಲೆ ಇ–ಗ್ರಂಥಾಲಯದಂಥ ತಂತ್ರಾಂಶಕ್ಕೆ ಹಳೆಯ ಪುಸ್ತಕಗಳ ವಿವರ ಏರಿಸುವುದು, ಕಾಲೇಜುಗಳಿಗೆ ಇ–ಸಂಪನ್ಮೂಲ ಒದಗಿಸುವ ಎನ್–ಲಿಸ್ಟ್ ಮೂಲಕ ಇ–ಪತ್ರಿಕೆಗಳನ್ನು ಅಧ್ಯಾಪಕರಿಗೆ ತೆರೆದುಕೊಡುವುದು, ನ್ಯಾಕ್ ವರದಿಗೆ ಬಳಕೆಯ ಅಂಕಿ ಒದಗಿಸುವುದು ಸೇರಿವೆ. ಕಾಲೇಜಿಗೊಂದೇ ಹುದ್ದೆಯಾದ್ದರಿಂದ ಸ್ಪರ್ಧಿಗಳು ಕಡಿಮೆ ಎಂಬುದು ಅನುಕೂಲ, ಹುದ್ದೆಗಳೂ ಕಡಿಮೆ ಎಂಬುದು ಅನನುಕೂಲ.

ದೈಹಿಕ ಶಿಕ್ಷಣ ನಿರ್ದೇಶಕರಿಗೆ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆಯ ಜೊತೆಗೆ ಓಟದ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಓಡಬೇಕು. ಕುಸ್ತಿಗೆ ಹೆಸರಾದ ದಾವಣಗೆರೆಯಂಥ ಊರಿನಲ್ಲಿ ಈ ಹುದ್ದೆಗೆ ಒಳ್ಳೆಯ ಆಟಗಾರರು ಸಿಗುತ್ತಾರೆ, ಆದರೆ ಆಟದ ಮೈದಾನವೇ ಇಲ್ಲದ ಕಾಲೇಜಿಗೆ ನೇಮಕವಾದರೆ ಅವರ ಪಾಲಿಗೆ ಉಳಿಯುವುದು ಶಿಸ್ತು ಸಮಿತಿ ಮತ್ತು ಸ್ವಾತಂತ್ರ್ಯೋತ್ಸವದ ಧ್ವಜಾರೋಹಣ.

ಕಚೇರಿ: ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕ

ಸ್ನಾತಕೋತ್ತರ ಪದವಿ ಮಾಡಿ ಗುಮಾಸ್ತಿಕೆಗೆ ಹೋಗುವುದೇ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅಂಕಿಗಳು ಬೇರೆಯೇ ಹೇಳುತ್ತವೆ. ರಾಜ್ಯದ ಏಳನೆಯ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ದ್ವಿತೀಯ ದರ್ಜೆ ಸಹಾಯಕರ ವೇತನ ಶ್ರೇಣಿ 34,100ರಿಂದ 67,600, ಪ್ರಥಮ ದರ್ಜೆ ಸಹಾಯಕರದು 44,425ರಿಂದ 83,700 ರೂಪಾಯಿ. ದ್ವಿತೀಯ ದರ್ಜೆಗೆ ಪಿಯುಸಿ, ಪ್ರಥಮ ದರ್ಜೆಗೆ ಪದವಿ ಸಾಕು. ಅಂದರೆ ನೆಟ್ ಪಾಸಾಗಿ ಹತ್ತು ವರ್ಷ ಪಾಠ ಹೇಳಿದ ಅತಿಥಿ ಉಪನ್ಯಾಸಕರಿಗಿಂತ, ಅವರ ಗೌರವಧನದ ಬಿಲ್ಲು ತಯಾರಿಸುವ ಪ್ರಥಮ ದರ್ಜೆ ಸಹಾಯಕರು ಸೇವೆಯ ಮೊದಲ ತಿಂಗಳಲ್ಲೇ ಹೆಚ್ಚು ಪಡೆಯುತ್ತಾರೆ, ಅದೂ ಮಂಜೂರಾದ ಹುದ್ದೆಯಲ್ಲಿ. ಈ ಸ್ಥಿತಿ ನ್ಯಾಯವೆಂದು ನಾನು ಹೇಳುತ್ತಿಲ್ಲ. ಆದರೆ ಆಯ್ಕೆ ಮಾಡುವವರು ಇರುವ ಸ್ಥಿತಿಯಲ್ಲೇ ಆಯ್ಕೆ ಮಾಡಬೇಕು.

ನೇಮಕಾತಿ ಕರ್ನಾಟಕ ಲೋಕಸೇವಾ ಆಯೋಗದ ಮೂಲಕ. ವಯೋಮಿತಿ ಸಾಮಾನ್ಯವಾಗಿ 35, ಹಿಂದುಳಿದ 2ಎ, 2ಬಿ, 3ಎ, 3ಬಿ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ–1ಕ್ಕೆ 40. ಸರ್ಕಾರ ಆಗಾಗ ತಾತ್ಕಾಲಿಕ ಸಡಿಲಿಕೆ ಕೊಡುವುದುಂಟು. ಅಧ್ಯಾಪಕ ಹುದ್ದೆಗಾಗಿ ಕಾಯುತ್ತಾ ಕುಳಿತರೆ ಈ ಬಾಗಿಲು ನಮಗೆ ತಿಳಿಯದೆಯೇ ಮುಚ್ಚುತ್ತದೆ. ಇನ್ನು ಎಷ್ಟು ವರ್ಷ ಕಾಯುವುದೆಂದು ತೀರ್ಮಾನಿಸಬೇಕು ಎಂದು ಹೇಳಿದ್ದು ಇದಕ್ಕೇ. ಆಯ್ಕೆಯಾದವರು ಕಾಲೇಜು ಶಿಕ್ಷಣ ಇಲಾಖೆಗೇ ಬರುತ್ತಾರೆಂಬ ಖಾತ್ರಿಯಿಲ್ಲ. ಖಜಾನೆಯೋ ಕಂದಾಯ ಇಲಾಖೆಯೋ ಆಗಬಹುದು. ಕಾಲೇಜೇ ಬೇಕೆನ್ನುವವರು ಇಲಾಖೆಗಳ ಆದ್ಯತೆ ನಮೂದಿಸುವಾಗ ಎಚ್ಚರ ವಹಿಸಬೇಕು.

ಕಾಲೇಜು ಕಚೇರಿಯ ಕೆಲಸ ತಾಲ್ಲೂಕು ಕಚೇರಿಯ ಕೆಲಸದಂತಲ್ಲ. ಇಲ್ಲಿ ಕೌಂಟರಿನಾಚೆ ನಿಲ್ಲುವವರು ಹದಿನೆಂಟು–ಹತ್ತೊಂಬತ್ತರ ಮಕ್ಕಳು. ವಿದ್ಯಾರ್ಥಿವೇತನದ ಅರ್ಜಿಯೊಂದನ್ನೇ ನೋಡಿ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ವಿದ್ಯಾರ್ಥಿನಿಯ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಜಾತಿ–ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯ ಅವಧಿ ಮುಗಿದಿದ್ದರೆ ನಾಡಕಚೇರಿಗೆ ಹೋಗಬೇಕು. ಎಲ್ಲ ಸರಿಯಿದ್ದೂ ಹಣ ಬಾರದಿದ್ದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂಬುದು ಬಹುಪಾಲು ಕಾರಣ. ಮೊಳಕಾಲ್ಮುರಿನ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹುಡುಗಿಗೆ ಇದನ್ನೆಲ್ಲ ಒಂದೇ ಸಲಕ್ಕೆ, ಒಂದು ಚೀಟಿಯಲ್ಲಿ ಕ್ರಮವಾಗಿ ಬರೆದುಕೊಡುವ ಗುಮಾಸ್ತರಿದ್ದರೆ ಅವಳ ಮೂರು ದಿನದ ಓಡಾಟ ಉಳಿಯುತ್ತದೆ. ‘ಸರ್ವರ್ ಇಲ್ಲ, ನಾಳೆ ಬಾ’ ಎನ್ನುವವರಿದ್ದರೆ ಆ ವರ್ಷದ ಶುಲ್ಕವೇ ಹೋದಂತೆ. ಇದಲ್ಲದೆ ವಿಶ್ವವಿದ್ಯಾಲಯಗಳ ತಂತ್ರಾಂಶವಾದ ಯುಯುಸಿಎಂಎಸ್‌ನಲ್ಲಿ ದಾಖಲಾತಿ, ಸರ್ಕಾರಿ ನೌಕರರ ತಂತ್ರಾಂಶವಾದ ಎಚ್ಆರ್ಎಂಎಸ್‌ನಲ್ಲಿ ಸಂಬಳದ ಬಿಲ್ಲು, ಖಜಾನೆ ಇಲಾಖೆಯ ತಂತ್ರಾಂಶ ಖಜಾನೆ–2ರಲ್ಲಿ ಪಾವತಿ, ಸೇವಾ ಪುಸ್ತಕ, ವರ್ಗಾವಣೆ ಪತ್ರ, ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಯ ನಡಾವಳಿ ಇವೆಲ್ಲ ಇದೇ ಮೇಜಿನ ಮೇಲೆ ಬರುತ್ತವೆ. ಅನೇಕ ಕಾಲೇಜುಗಳಲ್ಲಿ ಮಂಜೂರಾದ ಗುಮಾಸ್ತ ಹುದ್ದೆಗಳಲ್ಲಿ ಅರ್ಧ ಖಾಲಿ ಇರುವುದರಿಂದ ಇಬ್ಬರ ಕೆಲಸ ಒಬ್ಬರ ಮೇಲೆ ಬೀಳುತ್ತದೆ.

ರಜೆಯ ವಿಷಯದಲ್ಲೂ ವ್ಯತ್ಯಾಸವಿದೆ. ಬೇಸಿಗೆ ಮತ್ತು ಮಧ್ಯಂತರ ರಜೆ ಅನುಭವಿಸುವ ಬೋಧಕರಿಗೆ ವರ್ಷಕ್ಕೆ ಹತ್ತು ದಿನದ ಗಳಿಕೆ ರಜೆ, ಕಚೇರಿಯವರಿಗೆ ಮೂವತ್ತು ದಿನ. ಮುಂಬಡ್ತಿಗೆ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಬೇಕು. ಸೇರಿದ ಎರಡು ವರ್ಷದೊಳಗೇ ಅವನ್ನು ಮುಗಿಸಿಕೊಂಡವರು ಮುಂದೆ ಅಧೀಕ್ಷಕರಾಗುವಾಗ ಹಿಂದೆ ಬೀಳುವುದಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದ ಬೋಧಕರಿಗೂ ಕಚೇರಿಯವರಿಗೂ ಅನ್ವಯಿಸುವುದು ಹೊಸ ಪಿಂಚಣಿ ವ್ಯವಸ್ಥೆಯೇ, ಆ ವಿಷಯದಲ್ಲಿ ಯಾರೂ ಯಾರನ್ನೂ ನೋಡಿ ಅಸೂಯೆಪಡಬೇಕಾಗಿಲ್ಲ.

ಪ್ರಾಂಶುಪಾಲ, ಮತ್ತು ಪದವಿ ಕಾಲೇಜಿನ ಆಚೆ

ಪ್ರಾಂಶುಪಾಲ ಹುದ್ದೆ ಹೊಸಬರ ಆಯ್ಕೆಯಲ್ಲ. 15 ವರ್ಷದ ಬೋಧನಾ ಅನುಭವ, ಪಿಎಚ್.ಡಿ., ಕನಿಷ್ಠ ಹತ್ತು ಸಂಶೋಧನಾ ಪ್ರಕಟಣೆಗಳು ಬೇಕೆಂದು ಯುಜಿಸಿಯ 2018ರ ನಿಯಮಾವಳಿ ಹೇಳುತ್ತದೆ. ಅವಧಿ ಐದು ವರ್ಷ. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಹಿರಿಯ ಅಧ್ಯಾಪಕರೇ ಪ್ರಭಾರ ವಹಿಸಿಕೊಂಡು ನಡೆಸಿದ್ದಾರೆ.

ಎಂಜಿನಿಯರಿಂಗ್ ಪದವೀಧರರಿಗೆ ಪಾಲಿಟೆಕ್ನಿಕ್ ಉಪನ್ಯಾಸಕ ಹುದ್ದೆಯಿದೆ. ದಾವಣಗೆರೆಯ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್‌ನಂಥ ಸಂಸ್ಥೆಗಳಲ್ಲಿ ಪ್ರಥಮ ದರ್ಜೆಯ ಬಿ.ಇ. ಪದವಿ ಸಾಕು, ನೆಟ್ ಬೇಕಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಶ್ರೇಣಿಯಲ್ಲಿ ಆರಂಭಿಕ ಮೂಲ ವೇತನ 56,100 ರೂಪಾಯಿ. ಯುಜಿಸಿಯ ಸಮುದಾಯ ಕಾಲೇಜು ಯೋಜನೆಯಡಿ ಕೆಲವು ಕಾಲೇಜುಗಳು ನಡೆಸಿದ ಕೌಶಲ ಡಿಪ್ಲೊಮಾಗಳ ಬೋಧಕ ಹುದ್ದೆಗಳನ್ನೂ ಕೆಲವರು ಕೇಳುತ್ತಾರೆ. ಅವು ಯೋಜನೆಯ ಅನುದಾನದ ಮೇಲೆ ನಿಂತವು, ಅನುದಾನ ಮುಗಿದರೆ ಹುದ್ದೆಯೂ ಮುಗಿಯುತ್ತದೆ.

ಊರಿನ ಲೆಕ್ಕ

ಈ ಭಾಗದವರು ಗಮನಿಸಬೇಕಾದ ಒಂದು ವಿಷಯ ಮೀಸಲಾತಿಯ ಭೂಗೋಳ. ಸಂವಿಧಾನದ 371(ಜೆ) ವಿಧಿಯ ಕಲ್ಯಾಣ ಕರ್ನಾಟಕ ಮೀಸಲಾತಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ. ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿರುವ ಹರಪನಹಳ್ಳಿ ತಾಲ್ಲೂಕಿನವರಿಗೆ ಅನ್ವಯಿಸುತ್ತದೆ. ಒಂದೇ ತರಗತಿಯಲ್ಲಿ ಓದಿದ ಜಗಳೂರಿನವರೂ ಹರಪನಹಳ್ಳಿಯವರೂ ಒಂದೇ ಅಧಿಸೂಚನೆಯಲ್ಲಿ ಬೇರೆ ಬೇರೆ ವೃಂದಗಳನ್ನು, ಅಂದರೆ ಹುದ್ದೆಗಳ ಗುಂಪುಗಳನ್ನು, ನೋಡಬೇಕಾಗುತ್ತದೆ. ಪ್ರಮಾಣಪತ್ರ ಪಡೆಯದೆ ಸಾಮಾನ್ಯ ವೃಂದಕ್ಕೇ ಅರ್ಜಿ ಹಾಕಿ ಸುಮ್ಮನಾಗುವ ಹರಪನಹಳ್ಳಿಯವರು ತಮಗಿರುವ ಅವಕಾಶವನ್ನು ಬಿಟ್ಟುಕೊಟ್ಟಂತೆ.

ಇನ್ನು ಪ್ರಯಾಣ. ಸರ್ಕಾರಿ ಹುದ್ದೆ ಎಂದರೆ ರಾಜ್ಯದಲ್ಲಿ ಎಲ್ಲಿಗಾದರೂ ಹೋಗಲು ಒಪ್ಪಿದಂತೆ. ಮೊದಲ ನೇಮಕ ಊರಿನಲ್ಲೇ ಆಗುವುದು ಅಪರೂಪ. ಅತಿಥಿ ಉಪನ್ಯಾಸಕರಿಗೆ ಊರು ಆರಿಸಿಕೊಳ್ಳುವ ಸ್ವಾತಂತ್ರ್ಯ ಸ್ವಲ್ಪ ಹೆಚ್ಚು, ಆದರೆ ದಾವಣಗೆರೆ ನಗರದ ಕಾಲೇಜಿಗೆ ಹಿರಿತನದ ಸ್ಪರ್ಧೆ ಜೋರು. ಚಳ್ಳಕೆರೆ, ಹೊಳಲ್ಕೆರೆ, ಹೊಸದುರ್ಗಗಳ ಕಡೆ ಜಾಗ ಸಿಗುವ ಸಾಧ್ಯತೆ ಹೆಚ್ಚು. ದಿನವೂ ಬಸ್ಸಿನಲ್ಲಿ ಓಡಾಡುವವರು ಹೋಗಿ ಬರುವ ಖರ್ಚನ್ನು ಗೌರವಧನದಿಂದ ಕಳೆದೇ ಹೋಲಿಕೆ ಮಾಡಬೇಕು.

ಹಾಗಾದರೆ ಯಾರಿಗೆ ಯಾವುದು

ನೆಟ್ ಅಥವಾ ಕೆಸೆಟ್ ಆಗಿದ್ದು 30 ವರ್ಷದೊಳಗಿದ್ದರೆ ಅತಿಥಿ ಉಪನ್ಯಾಸಕರಾಗಿ ಸೇರಿ, ಪಿಎಚ್.ಡಿ.ಗೆ ನೋಂದಾಯಿಸಿಕೊಂಡು, ಅಧಿಸೂಚನೆಗೆ ಸಿದ್ಧರಾಗುವುದು ಸಮಂಜಸ. ಅದರ ನಡುವೆಯೇ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆ ಬಂದರೆ ಬರೆಯಿರಿ. ಕಡ್ಡಾಯ ಕನ್ನಡ ಪತ್ರಿಕೆ ನಮ್ಮ ಕಡೆಯ ಕನ್ನಡ ಮಾಧ್ಯಮದವರಿಗೆ ಹೊರೆಯಲ್ಲ. ಕಚೇರಿ ಹುದ್ದೆಯಲ್ಲಿದ್ದುಕೊಂಡೇ ನಿರಾಕ್ಷೇಪಣಾ ಪತ್ರ ಪಡೆದು ಮುಂದೆ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಲು ಅವಕಾಶವಿದೆ. ಅತಿಥಿ ಉಪನ್ಯಾಸಕರಾಗಿ ಉಳಿದು ವಯಸ್ಸು ಮೀರಿದವರಿಗೆ ಕಚೇರಿಯ ಕಡೆಗೆ ತಿರುಗುವ ಅವಕಾಶವಿಲ್ಲ. ಎರಡು ದಾರಿಗಳ ನಡುವಿನ ಮುಖ್ಯ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಇದು.

ಅರ್ಹತಾ ಪರೀಕ್ಷೆ ಮೂರು–ನಾಲ್ಕು ಬಾರಿ ಬರೆದೂ ಆಗದವರು, ಮನೆಯ ಜವಾಬ್ದಾರಿ ಹೊತ್ತವರು ಕಚೇರಿ ಹುದ್ದೆಯನ್ನೇ ಮೊದಲ ಗುರಿಯಾಗಿಸಿಕೊಳ್ಳಲಿ. ಪಾಠ ಹೇಳದೆ ಬದುಕಲಾರೆ ಎನ್ನುವವರಿಗೆ ಬಿ.ಇಡಿ. ಇದ್ದರೆ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಯೂ ಇದೆ, ಅಲ್ಲಿ ನೆಟ್ ಕೇಳುವುದಿಲ್ಲ. ಖಾಸಗಿ ಕಾಲೇಜಿನ ಅನುದಾನರಹಿತ ಹುದ್ದೆಯನ್ನು ನಗರದಲ್ಲೇ ಇರಬೇಕಾದ ಅನಿವಾರ್ಯತೆ ಇರುವವರು, ಮನೆಯಲ್ಲಿ ಇನ್ನೊಂದು ಸಂಬಳ ಇರುವವರು ಒಪ್ಪಿಕೊಳ್ಳಬಹುದು. ಅದೊಂದನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ.

ಯಾವುದನ್ನೇ ಆರಿಸಿಕೊಂಡರೂ ಸೇವಾ ಪ್ರಮಾಣಪತ್ರವನ್ನು ಪ್ರತಿ ಶೈಕ್ಷಣಿಕ ವರ್ಷದ ಕೊನೆಗೆ ಪ್ರಾಂಶುಪಾಲರ ಸಹಿ, ಮೊಹರು, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ವಾರದ ಕಾರ್ಯಭಾರದ ಗಂಟೆಗಳೊಂದಿಗೆ ಪಡೆದಿಟ್ಟುಕೊಳ್ಳಿ. ಅತಿಥಿ ಉಪನ್ಯಾಸಕರ ಹಿರಿತನ ಲೆಕ್ಕವಾಗುವುದು ಈ ಹಾಳೆಯಿಂದ. ಪ್ರಾಂಶುಪಾಲರು ವರ್ಗವಾಗಿ ಹೋದ ಮೇಲೆ ಹಳೆಯ ಹಾಜರಾತಿ ವಹಿ ಹುಡುಕಿಸಿ ಪ್ರಮಾಣಪತ್ರ ಬರೆಸಿಕೊಳ್ಳುವುದಕ್ಕಿಂತ, ಕೊನೆಯ ಕೆಲಸದ ದಿನವೇ ಕಚೇರಿಯಲ್ಲಿ ಅರ್ಧ ಗಂಟೆ ಕಾದು ತೆಗೆದುಕೊಳ್ಳುವುದು ಸುಲಭ.